ಬಿಪಿ ಇರೋರಿಗೆ ಕ್ವೆರ್ಸೆಟಿನ್ ಕ್ಯಾಪ್ಸೂಲ್ ಬೇಕಾ?

ಪ್ರಶ್ನೆ: ಕ್ವೆರ್ಸೆಟಿನ್ ಅನ್ನೋ ಗಿಡಮೂಲದ ಆ್ಯಂಟಿಆಕ್ಸಿಡೆಂಟು ರಕ್ತನಾಳದ ಸ್ಮೂತ್ ಮಸಲ್ ಕೋಶಗಳನ್ನ ಆಕ್ಸಿಡೇಟಿವ್ ಸ್ಟ್ರೆಸ್‌ನಿಂದ (ಫ್ರೀ ರಾಡಿಕಲ್ ಅನ್ನೋ ಚುರುಕು ವಸ್ತುಗಳು ಕೋಶಕ್ಕೆ ಮಾಡೋ ಹಾನಿ) ಕಾಪಾಡುತ್ತೆ ಅಂತ ಓದಿದೆ. ನಂಗೆ ಬಿಪಿ ಇದೆ, ಮಾತ್ರೆ ತಗೋತಿದೀನಿ. ಜೊತೆಗೆ ಇದನ್ನೂ ಶುರು ಮಾಡ್ಲಾ ಸಾರ್?

ಉತ್ತರ: ನಿಮ್ಮ ಡಾಕ್ಟರನ್ನ ಕೇಳದೆ ಖಂಡಿತ ಬೇಡ. ನೀವು ಓದಿದ್ದು ಸುಳ್ಳಲ್ಲ, ಆದ್ರೆ ಅದು ಲ್ಯಾಬಿನ ತಟ್ಟೇಲಿ ಬೆಳೆಸಿದ ಕೋಶಗಳ ಕತೆ.

ರಕ್ತನಾಳದ ಗೋಡೆಯ ನಡುವಿನ ಪದರದಲ್ಲಿ ಇರೋದು ಈ ಕೋಶಗಳೇ, ನಾಳ ಬಿಗಿಯಾಗೋದು ಸಡಿಲ ಆಗೋದು ಇವುಗಳಿಂದ. ಬಿಪಿ ಏರಿಸೋ ಆಂಜಿಯೋಟೆನ್ಸಿನ್ 2 ಅನ್ನೋ ಹಾರ್ಮೋನು ಇವಕ್ಕೆ ತಾಗಿದಾಗ ಎನ್‌ಎಡಿಪಿಎಚ್ ಆಕ್ಸಿಡೇಸ್ ಅನ್ನೋ ಕಿಣ್ವ ಚುರುಕಾಗಿ ಸೂಪರ್‌ಆಕ್ಸೈಡ್ ಅನ್ನೋ ಫ್ರೀ ರಾಡಿಕಲ್ ಹುಟ್ಟಿಸುತ್ತೆ, ಅದು ನಾಳ ಸಡಿಲಿಸೋ ನೈಟ್ರಿಕ್ ಆಕ್ಸೈಡ್ ಜೊತೆ ಸೇರಿ ಪೆರಾಕ್ಸಿನೈಟ್ರೈಟ್ ಅನ್ನೋ ಇನ್ನೂ ಕೆಟ್ಟ ವಸ್ತು ಆಗುತ್ತೆ, ಸಡಿಲಿಸೋದೇ ಕಮ್ಮಿ ಆದ್ಮೇಲೆ ನಾಳ ಬಿಗಿಯಾಗೇ ಉಳಿಯುತ್ತೆ, ಇದು ವರ್ಷಗಟ್ಟಲೆ ನಡೆದ್ರೆ ಕೋಶಗಳು ದಪ್ಪ ಆಗಿ, ಸಂಖ್ಯೆನೂ ಹೆಚ್ಚಿ ಗೋಡೆನೇ ದಪ್ಪ ಆಗುತ್ತೆ.

ಗಿಡದ ವಸ್ತುಗಳು ಈ ಫ್ರೀ ರಾಡಿಕಲ್‌ಗಳನ್ನ ನೇರವಾಗಿ ಹಿಡಿದು ಮುಗಿಸ್ತವೆ ಅಂತ ಎಲ್ರೂ ಅಂದ್ಕೊಂಡಿದಾರೆ. ನಂಗೆ ಇನ್ನೊಂದು ದಾರಿ ಹೆಚ್ಚು ಮುಖ್ಯ ಅನ್ಸುತ್ತೆ. ಕೋಶದೊಳಗೆ ಎನ್‌ಆರ್‌ಎಫ್2 ಅನ್ನೋ ಪ್ರೋಟೀನನ್ನ ಕೀಪ್1 ಅನ್ನೋ ಇನ್ನೊಂದು ಪ್ರೋಟೀನು ಹಿಡಿದಿಟ್ಟಿರುತ್ತೆ. ಬ್ರಾಕೊಲಿಯಿಂದ ಸಿಗೋ ಸಲ್ಫೋರಫೇನ್ ಥರದ್ದು ಕೀಪ್1ಗೆ ಅಂಟಿದ್ರೆ ಆ ಹಿಡಿತ ಬಿಟ್ಟು ಎನ್‌ಆರ್‌ಎಫ್2 ನ್ಯೂಕ್ಲಿಯಸ್‌ಗೆ ಹೋಗಿ ಹೀಮ್ ಆಕ್ಸಿಜನೇಸ್-1, ಗ್ಲುಟಾಥಯೋನ್ (ಕೋಶದ ಸ್ವಂತ ಆ್ಯಂಟಿಆಕ್ಸಿಡೆಂಟು) ತಯಾರಿಸೋ ಕಿಣ್ವ, ಇಂಥ ರಕ್ಷಕ ಕಿಣ್ವಗಳೆಲ್ಲದರ ಜೀನ್‌ಗಳನ್ನ ಎಬ್ಬಿಸುತ್ತೆ, ಅಂದ್ರೆ ಕೋಶ ತನ್ನನ್ನ ತಾನೇ ಕಾಪಾಡ್ಕೊಳ್ಳುತ್ತೆ.

ಈಗ ಡೋಸ್ ವಿಷಯ, ಇದನ್ನ ದಯವಿಟ್ಟು ಗಮನ ಕೊಟ್ಟು ಓದಿ. ತಟ್ಟೇಲಿರೋ ಕೋಶಗಳಿಗೆ ಎಷ್ಟೋ ಪ್ರಯೋಗಗಳಲ್ಲಿ 10ರಿಂದ 100 ಮೈಕ್ರೋಮೋಲಾರ್ (ದ್ರವದಲ್ಲಿ ಎಷ್ಟು ಸಾಂದ್ರವಾಗಿದೆ ಅನ್ನೋ ಅಳತೆ) ಕ್ವೆರ್ಸೆಟಿನ್ ಹಾಕ್ತಾರೆ, ನೀವು ನುಂಗಿದ್ದು ಕರುಳು ಲಿವರ್ ದಾಟೋ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲಾ ಗ್ಲುಕುರೋನೈಡ್, ಸಲ್ಫೇಟ್ ರೂಪಕ್ಕೆ ತಿರುಗಿ, ಮೂಲ ರೂಪದ್ದು ರಕ್ತದಲ್ಲಿ ತೀರಾ ಕಮ್ಮಿ ಉಳಿಯುತ್ತೆ. ಇನ್ನೊಂದು, ಕೋಶ ಬೆಳೆಸೋ ದ್ರವದಲ್ಲೇ ಕೆಲವು ಪಾಲಿಫೀನಾಲ್‌ಗಳು (ಕ್ವೆರ್ಸೆಟಿನ್ ಥರದ ಗಿಡದ ವಸ್ತುಗಳು) ತಾವೇ ಆಕ್ಸಿಡೈಸ್ ಆಗಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸ್ತವೆ, ಹಾಗಾಗಿ ತಟ್ಟೇಲಿ ಕಂಡ ರಕ್ಷಣೆ ಎಷ್ಟು ನಿಜವಾದದ್ದು ಅಂತ ಪ್ರತಿ ಪ್ರಯೋಗದಲ್ಲೂ ಬೇರೆಯಾಗೇ ಪರೀಕ್ಷೆ ಮಾಡ್ಬೇಕು.

ಇನ್ನೊಂದು ಆ್ಯಂಟಿಆಕ್ಸಿಡೆಂಟು ವಿಟಮಿನ್ ಇ ಅನ್ನ ಮನುಷ್ಯರಲ್ಲಿ ನೋಡಿದ್ದೂ ಇದೆ. 2000ದಲ್ಲಿ ಬಂದ ಹೋಪ್ ಟ್ರಯಲ್‌ನಲ್ಲಿ ದಿನಕ್ಕೆ 400 ಐಯು ವಿಟಮಿನ್ ಇ ಕೊಟ್ರೂ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಕಮ್ಮಿ ಆಗ್ಲಿಲ್ಲ. ಗಿಡದ್ದು ಅಂದಮಾತ್ರಕ್ಕೆ ಅಪಾಯ ಇಲ್ಲ ಅಂತಲೂ ಅಲ್ಲ, ಗ್ರೀನ್ ಟೀಯ ಇಜಿಸಿಜಿ ಸಪ್ಲಿಮೆಂಟು ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಾದ್ರೆ ಲಿವರ್ ಕಿಣ್ವ ಏರಬಹುದು ಅಂತ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಎಚ್ಚರಿಸಿದೆ.

ನಿಮ್ಮ ಮಾತ್ರೆ ಲೋಸಾರ್ಟನ್, ಟೆಲ್ಮಿಸಾರ್ಟನ್ ಥರದ್ದಾದ್ರೆ ಅದು ಆಂಜಿಯೋಟೆನ್ಸಿನ್ 2 ಕೋಶಕ್ಕೆ ತಾಗೋ ಜಾಗನೇ ಮುಚ್ಚಿರುತ್ತೆ, ಮೇಲೆ ಹೇಳಿದ ಸರಣಿ ಶುರುವಾಗೋ ಕಡೆನೇ ತಡೆ ಬಿದ್ದಂಗೆ. ಅದನ್ನ ಮಾತ್ರ ತಪ್ಪಿಸ್ಬೇಡಿ.

ಪ್ರಶ್ನೆ: ಹಂಗಾದ್ರೆ ತರಕಾರಿ ಹಣ್ಣು ತಿಂದೂ ಪ್ರಯೋಜನ ಇಲ್ವಾ?

ಉತ್ತರ: ಇದೆ, ತುಂಬಾನೇ ಇದೆ. ಅದ್ರಲ್ಲಿ ಪೊಟ್ಯಾಸಿಯಂ, ನಾರು, ಸೊಪ್ಪುಗಳಲ್ಲಾದ್ರೆ ನೈಟ್ರೇಟ್ ಎಲ್ಲಾ ಇರುತ್ತೆ, ಬಿಪಿಗೆ ಇವೆಲ್ಲ ಕೆಲಸ ಮಾಡ್ತವೆ. ಕಿಡ್ನಿ ತೊಂದ್ರೆ ಇದ್ರೆ ಮಾತ್ರ ಪೊಟ್ಯಾಸಿಯಂ ಎಷ್ಟು ಅಂತ ಕೇಳಿಕೊಂಡು ತಿನ್ನಿ, ಲೋಸಾರ್ಟನ್ ಥರದ ಸಾರ್ಟನ್ ಮಾತ್ರೆ ತಗೊಳ್ಳೋರಿಗೂ ಇದೇ ಮಾತು.