ಹೊಸ ನಿಯಮ ಬಂತು ಅಂತ ಹಳೆಯ ರಿಜಿಸ್ಟರ್ ಬಿಡಬಹುದಾ?

ದಯವಿಟ್ಟು ಬಿಡಬೇಡಿ. ಕಾರ್ಮಿಕ ಕಾಯ್ದೆ ತಿದ್ದೋಕೆ ವರ್ಷಗಟ್ಟಲೆ ಬೇಕು, ಅದರ ಬದಲು ಸರ್ಕಾರ ನಿಯಮ ಬದಲಿಸಿ ಒಂದು ಅಧಿಸೂಚನೆ ಹೊರಡಿಸಿದರೆ ಸಣ್ಣ ಘಟಕಗಳ ಹೊರೆ ಇಳಿಯುತ್ತೆ ಅಲ್ವಾ ಅಂತ ಕೇಳಿದ್ದೀರಿ. ನಾನೂ ಹಾಗೇ ನಂಬಿದ್ದೆ.

ಪೀಣ್ಯದಲ್ಲಿ ನಮ್ಮದು ಲೇತ್ ಕೆಲಸದ ಸಣ್ಣ ಫ್ಯಾಕ್ಟರಿ. ಹಾಜರಿ, ಸಂಬಳ, ಪಿಎಫ್, ಇಎಸ್‌ಐ ಎಲ್ಲ ನಾನೇ ನೋಡುತ್ತಿದ್ದೆ. 2017ರ ಫೆಬ್ರವರಿಯಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯ ಹೊಸ ನಿಯಮ ತಂದಿತು. 9 ಕೇಂದ್ರ ಕಾಯ್ದೆಗಳಡಿ ಇಡಬೇಕಿದ್ದ 56 ರಿಜಿಸ್ಟರ್‌ಗಳ ಜಾಗದಲ್ಲಿ ಇನ್ನು ಐದೇ ಐದು. ನೌಕರರ ವಿವರ, ಸಂಬಳ, ಸಾಲ ಮತ್ತು ಕಡಿತ, ಹಾಜರಿ, ರಜೆ. ಕಂಪ್ಯೂಟರ್‌ನಲ್ಲೇ ಇಟ್ಟರೂ ಆಯಿತು. ಪಟ್ಟಿಯಲ್ಲಿ ಕನಿಷ್ಠ ವೇತನ ಕಾಯ್ದೆ, ವೇತನ ಪಾವತಿ ಕಾಯ್ದೆ ಎರಡೂ ಇದ್ದವು. ಎರಡೂ ನಮಗೆ ಅನ್ವಯ ಆಗುವಂಥವೇ. ಸರಿ, ಉದ್ದುದ್ದ ಪುಸ್ತಕಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದೆ.

ನಾನು ಎಡವಿದ್ದು ಇಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಎಷ್ಟೋ ಜನ ಇದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಕಾಯ್ದೆ ಒಂದೇ ಆದರೂ ಅದರಡಿ ಕೇಂದ್ರ ಬೇರೆ ನಿಯಮ ಮಾಡಿರುತ್ತೆ, ರಾಜ್ಯ ಬೇರೆ ನಿಯಮ ಮಾಡಿರುತ್ತೆ. 2017ರಲ್ಲಿ ಬದಲಾಗಿದ್ದು ಕೇಂದ್ರದ ನಿಯಮ. ನಮ್ಮಂಥ ಖಾಸಗಿ ಫ್ಯಾಕ್ಟರಿ ನಡೆಯುವುದು ರಾಜ್ಯದ ನಿಯಮಗಳ ಮೇಲೆ, ಅಂದರೆ ಕನಿಷ್ಠ ವೇತನಕ್ಕೆ 1958ರ ಕರ್ನಾಟಕ ನಿಯಮ, ವೇತನ ಪಾವತಿಗೆ 1963ರದ್ದು. ಅವುಗಳಲ್ಲಿ ಒಂದಕ್ಷರವೂ ಅಲುಗಿರಲಿಲ್ಲ. ಇನ್ನು 1948ರ ಫ್ಯಾಕ್ಟರಿ ಕಾಯ್ದೆ ಆ ಒಂಬತ್ತರ ಪಟ್ಟಿಯಲ್ಲೇ ಇರಲಿಲ್ಲ. ವಯಸ್ಕ ಕಾರ್ಮಿಕರ ರಿಜಿಸ್ಟರ್ ಇಡಲೇಬೇಕು ಅಂತ ಆ ಕಾಯ್ದೆಯ 62ನೇ ಸೆಕ್ಷನ್ನೇ ಹೇಳುತ್ತಿತ್ತು. ನಾನು ಕಾಯ್ದೆಗಳ ಹೆಸರು ನೋಡಿದೆ, ಯಾವ ನಿಯಮ ತಿದ್ದಿದ್ದಾರೆ ಅಂತ ನೋಡಲಿಲ್ಲ.

ಇನ್‌ಸ್ಪೆಕ್ಷನ್‌ಗೆ ಬಂದವರು ಮೊದಲು ಕೇಳಿದ್ದೇ ಆ ರಿಜಿಸ್ಟರ್. ನಾನು ಲ್ಯಾಪ್‌ಟಾಪ್ ತಿರುಗಿಸಿ ಹೊಸ ಫಾರಂ ತೋರಿಸಿದೆ. ಅವರು ಗೆಜೆಟ್ ಪ್ರತಿಯನ್ನು ನನ್ನ ಕೈಗೇ ಕೊಟ್ಟು, ಇದರಲ್ಲಿ ಫ್ಯಾಕ್ಟರಿ ಕಾಯ್ದೆ ಎಲ್ಲಿದೆ ತೋರಿಸಿ ಅಂದರು. ಮೇಲಿಂದ ಕೆಳಗೆ ಹುಡುಕಿದೆ. ಇರಲಿಲ್ಲ. ನೋಟಿಸ್, ಆಮೇಲೆ ಕೇಸು, ವಕೀಲರು, ದಂಡ. ಆ ಕಾಯ್ದೆಯಡಿ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಹಾಕಬಹುದಿತ್ತು. ಕೇಸು ಮುಗಿಯುವವರೆಗೂ ದೊಡ್ಡ ಗ್ರಾಹಕರೊಬ್ಬರು ಆರ್ಡರ್ ತಡೆಹಿಡಿದರು. ದಂಡಕ್ಕಿಂತ ಜಾಸ್ತಿ ಪೆಟ್ಟು ಕೊಟ್ಟಿದ್ದು ಅದು.

ಅದಕ್ಕೇ ಅಧಿಸೂಚನೆಯಿಂದ ಹೊರೆ ಇಳಿಯುತ್ತೆ ಅನ್ನುವ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಫಾರಂ ಕಡಿಮೆ ಮಾಡೋದು, ಗಡುವು ಮುಂದಕ್ಕೆ ಹಾಕೋದು ನಿಯಮದಲ್ಲೇ ಆಗಬೇಕಾದ ಕೆಲಸ, ಅದಕ್ಕೆ ವಿಧಾನಸಭೆ ಬೇಕಿಲ್ಲ. ಆದರೆ ಕಾಯ್ದೆಯ ಸೆಕ್ಷನ್ ಕೇಳೋದನ್ನು ನಿಯಮ ಅಳಿಸಲಾರದು. ಅಧಿಸೂಚನೆಯಲ್ಲಿ ಸಿಕ್ಕ ವಿನಾಯಿತಿಗೆ ಅವಧಿಯೂ ಇರುತ್ತೆ. 2021ರ ಜನವರಿಯಲ್ಲಿ ಕರ್ನಾಟಕ ಸರ್ಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಅಂಗಡಿಗಳಿಗೆ 24 ಗಂಟೆ ತೆರೆಯಲು ಬಿಟ್ಟಿತಲ್ಲ, ಅದೂ 3 ವರ್ಷಕ್ಕೆ ಮಾತ್ರ ಕೊಟ್ಟಿದ್ದು. ಕೋರ್ಟ್ ರದ್ದು ಮಾಡಬಹುದು ಕೂಡ. ಕೋವಿಡ್ ನೆಪದಲ್ಲಿ ಗುಜರಾತ್ ಕೆಲಸದ ಅವಧಿ ಹೆಚ್ಚಿಸಿ, ಓವರ್‌ಟೈಮಿನ ಎರಡು ಪಟ್ಟು ಕೂಲಿಯನ್ನೂ ತೆಗೆದು ಹಾಕಿತ್ತು. ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಆ ಅಧಿಸೂಚನೆಗಳನ್ನೇ ರದ್ದು ಮಾಡಿತು. ಸರಿಯಾಗೇ ಮಾಡಿತು ಅಂತ ನನ್ನ ಅಭಿಪ್ರಾಯ. ಕೂಲಿ ಕಿತ್ತುಕೊಳ್ಳೋದನ್ನು ಸರಳೀಕರಣ ಅಂತ ಕರೆಯಬಾರದು.

ಈಗ 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು, ಅಂದರೆ ಹಳೆಯ ಕಾಯ್ದೆಗಳನ್ನು ಒಟ್ಟುಗೂಡಿಸಿದ ಹೊಸ ಕಾಯ್ದೆಗಳು, ಬಂದು 29 ಹಳೆಯ ಕೇಂದ್ರ ಕಾಯ್ದೆಗಳು ಹೋಗಿವೆ. ಹಳೆಯ ನಿಯಮಗಳೂ ಸತ್ತವು ಅಂತ ವಾಟ್ಸಾಪ್‌ನಲ್ಲಿ ಬಂದರೆ ನಂಬಬೇಡಿ. ಸಂಹಿತೆಗೆ ವಿರುದ್ಧವಲ್ಲದ ಹಳೆಯ ನಿಯಮಗಳನ್ನು ಉಳಿಸಿಕೊಳ್ಳುವ ಸೆಕ್ಷನ್‌ಗಳು ಅದರಲ್ಲೇ ಇವೆ. ನಿಮ್ಮದು ಅಂಗಡಿಯೋ ಆಫೀಸೋ ಆಗಿದ್ದರೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಆ 29ರಲ್ಲಿ ಸೇರಿಲ್ಲ. ಮೊದಲು ನಿಮ್ಮ ನೋಂದಣಿ ಪತ್ರ ತೆಗೆದು ಯಾವ ಕಾಯ್ದೆ ಅಂತ ನೋಡಿ. ಆಮೇಲೆ ರಾಜ್ಯದ ಗೆಜೆಟ್‌ನಲ್ಲಿ ಆ ಕಾಯ್ದೆಯ ನಿಯಮಕ್ಕೆ ತಿದ್ದುಪಡಿ ಆಗಿದೆಯಾ ಹುಡುಕಿ, ಅಲ್ಲಿವರೆಗೂ ಹಳೆಯ ಪುಸ್ತಕ ಬರೆಯುತ್ತಲೇ ಇರಿ.