ಉತ್ತರ ಗೊತ್ತಿದ್ದೂ ನಿದ್ದೆಗೆಟ್ಟವರು

(ಹೆಸರು, ಗುರುತುಗಳನ್ನು ಬದಲಿಸಿದ್ದೇನೆ.)

ಶ್ರೀಧರ ಅವರಿಗೆ ನಲವತ್ತೈದು ದಾಟಿದೆ. ನಿದ್ದೆ ಬರ್ತಿಲ್ಲ ಅಂತ ನನ್ನ ಹತ್ತಿರ ಸಲಹೆಗೆ ಬಂದಿದ್ದರು. ಕಾರಣ ಕೇಳಿದರೆ ಫೋನ್ ತೆಗೆದು ಒಂದು ಹಳೇ ವಾಚಿನ ಫೋಟೋ ತೋರಿಸಿದರು. ಒಮೆಗಾ ಸ್ಪೀಡ್‌ಮಾಸ್ಟರ್, 1965ರದ್ದಂತೆ. ಬೇಗ ಹೇಳದಿದ್ದರೆ ಬೇರೆಯವರಿಗೆ ಕೊಟ್ಟುಬಿಡುತ್ತೇನೆ ಅಂತ ಮಾರುವವರ ಒತ್ತಾಯ. "ಅಸಲಿನಾ ಅಲ್ವಾ, ಹೇಗೆ ತೀರ್ಮಾನ ಮಾಡ್ಲಿ ಮೇಡಂ?"

ನನಗೆ ವಾಚಿನ ಗಂಧಗಾಳಿಯೂ ಇಲ್ಲ. "ನೀವು ಏನೇನು ನೋಡ್ತೀರಿ, ನನಗೂ ಹೇಳಿಕೊಡಿ" ಅಂದೆ. ಮುದುರಿ ಕೂತಿದ್ದವರು ನೆಟ್ಟಗಾದರು. ಡಯಲ್ ಮೇಲಿನ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ನೋಡಬೇಕಂತೆ. ಅಂಚಿನಲ್ಲಿ ಬಣ್ಣ ಹರಡಿದ್ದರೆ, ನಿಮಿಷದ ಗೆರೆಗಳು ಒಂದು ದಪ್ಪ ಒಂದು ಸಣ್ಣ ಇದ್ದರೆ, ಆಮೇಲೆ ಯಾರೋ ಬಳಿದ ಡಯಲ್ ಅದು. ಕತ್ತಲಲ್ಲಿ ಹೊಳೆಯಲಿ ಅಂತ ಆ ಕಾಲದ ಮುಳ್ಳುಗಳಿಗೆ ಹಚ್ಚುತ್ತಿದ್ದದ್ದು ಟ್ರಿಟಿಯಂ ಅನ್ನೋ ವಿಕಿರಣ ವಸ್ತು. ಅದರ ಶಕ್ತಿ ಸುಮಾರು 12 ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಅರವತ್ತರ ದಶಕದ ವಾಚು ಈಗಲೂ ರಾತ್ರಿಯಿಡೀ ಜಗಮಗ ಹೊಳೆದರೆ ಹೊಸದಾಗಿ ಹಚ್ಚಿದ್ದಾರೆ ಅಂತಲೇ ಲೆಕ್ಕ. ಗಾಜು, ಬೆಲ್ಟು ಬದಲಾಗಿದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಅವು ಸವೆಯುವ ಸಾಮಾನು. ಮುಖ್ಯ ಒಳಗಿನ ಮೆಷಿನ್. 1965ರ ಸ್ಪೀಡ್‌ಮಾಸ್ಟರ್‌ನಲ್ಲಿ 321 ನಂಬರಿನದು ಇರಬೇಕು. 861 ಬಂದದ್ದೇ 1968ರಲ್ಲಿ.

"ಇದರಲ್ಲಿ ಯಾವುದಿದೆ?"

ತಲೆ ತಗ್ಗಿಸಿದರು. "861. ಸರ್ವಿಸ್ ಮಾಡುವಾಗ ಬದಲಾಯಿಸಿದ್ದಂತೆ."

"ಇದನ್ನೇ ನಿಮ್ಮ ಸ್ನೇಹಿತರು ತಂದು ತೋರಿಸಿದ್ದರೆ?"

"ಮುಟ್ಟಬೇಡ ಅಂತಿದ್ದೆ." ಒಂದು ಕ್ಷಣವೂ ತಡಮಾಡಲಿಲ್ಲ.

ಅಲ್ಲಿಗೆ ವಾಚಿನ ಮಾತು ಮುಗಿಯಿತು. ಉಳಿದದ್ದು ಬೇರೆ. ಹಿಂದೊಮ್ಮೆ ಬಣ್ಣ ಬಳಿದ ಡಯಲ್‌ನ ವಾಚು ತಗೊಂಡು ಮೋಸಹೋಗಿದ್ದರು. ಹೆಂಡತಿಗೆ ಇನ್ನೂ ಹೇಳಿಲ್ಲ. ಈ ಸಲ ಅಪರೂಪದ್ದೊಂದು ಸಿಕ್ಕರೆ ಆ ಅವಮಾನ ತೊಳೆದುಹೋಗುತ್ತೆ ಅನ್ನೋ ಆಸೆ. ಅದಕ್ಕೇ ಫೋಟೋವನ್ನು ಹತ್ತಾರು ಜನಕ್ಕೆ ಕಳಿಸಿದ್ದರು. ಬೇಡ ಅಂದವರಿಗೆ ಮತ್ತೆ ಉತ್ತರಿಸಲಿಲ್ಲ, ಚೆನ್ನಾಗಿದೆ ಅಂದವರ ಮಾತನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಜ್ಯೋತಿಷಿಗಳನ್ನು ಬದಲಾಯಿಸುತ್ತಾ ಹೋಗುವವರನ್ನೂ ನಾನು ನೋಡಿದ್ದೇನೆ, ಚಾಳಿ ಒಂದೇ.

ನಾನು ಹೇಳಿದ್ದು ಇಷ್ಟು. ಮೊದಲು ಮನೆಯಲ್ಲಿ ಹಳೇ ವಾಚಿನ ವಿಷಯ ಹೇಳಿ. ಗುಟ್ಟು ಇರೋವರೆಗೂ ಪ್ರತಿ ವಾಚೂ ನಿಮಗೆ ಪರೀಕ್ಷೆಯೇ. ಏನಿದ್ದರೆ ಎದ್ದು ಬರುತ್ತೀರಿ ಅಂತ ವಾಚು ನೋಡುವ ಮೊದಲೇ ಬರೆದಿಡಿ; ನೋಡಿದ ಮೇಲೆ ಮನಸ್ಸು ವಕೀಲಿಕೆ ಶುರುಮಾಡುತ್ತೆ. ಈ ವ್ಯಾಪಾರದಲ್ಲಿ ಲಾಭವಿಲ್ಲದ ಒಬ್ಬ ರಿಪೇರಿಯವರ ಕೈಲಿ, ನಿಮ್ಮೆದುರಿಗೇ ಹಿಂದಿನ ಮುಚ್ಚಳ ತೆಗೆಸಿ. ಒಪ್ಪದಿದ್ದರೆ ಮಾತು ಬೆಳೆಸಬೇಡಿ. ಮೆಷಿನ್ ಬದಲಾಗಿದ್ದೂ ಇಷ್ಟವಾದರೆ ತಗೊಳ್ಳಿ, ತಪ್ಪೇನಿಲ್ಲ, ಆದರೆ ಬದಲಾದ ವಾಚಿನ ಬೆಲೆಗೆ. ರಾತ್ರಿ ಫೋನ್ ಮಲಗುವ ಕೋಣೆಯ ಹೊರಗಿರಲಿ.

ಮುಂದಿನ ಭೇಟಿಗೆ ಹೆಂಡತಿಯನ್ನೂ ಕರೆದುಕೊಂಡು ಬಂದರು. ಮುಚ್ಚಳ ತೆಗೆಸೋಣ ಅಂದಿದ್ದಕ್ಕೆ ಮಾರುವವರು ಸಿಡುಕಿದರಂತೆ, ಇವರು ಕೈಬಿಟ್ಟರಂತೆ. "ಹೊಟ್ಟೆ ಉರೀತು ಮೇಡಂ" ಅಂದರು. ನಿದ್ದೆ ಪರವಾಗಿಲ್ಲ. ಹಳೇ ವಾಚಿನ ವಿಷಯ ಹೆಂಡತಿಗೆ ಮೊದಲೇ ಅನುಮಾನ ಇತ್ತಂತೆ. ಆಕೆಗೆ ಸಿಟ್ಟು ಬಂದಿದ್ದು ಮುಚ್ಚಿಟ್ಟಿದ್ದಕ್ಕೆ. ಅದರ ಬಗ್ಗೆ ಇನ್ನೂ ಮಾತಾಡುತ್ತಿದ್ದೇವೆ.