ಮೇಷ್ಟ್ರ ಜಗಲಿ: ಡಲ್ಲಾಸ್‌ನ ಜಗಳ ಹೊಸನಗರಕ್ಕೆ ಬಂದದ್ದು

ಅಡಿಕೆ ಕೊನೆ ಕೊಯ್ಲಿನ ಸಮಯ. ಈ ತಿಂಗಳು ಪತ್ರ ಕಮ್ಮಿ ಬರಬಹುದು ಅಂದುಕೊಂಡಿದ್ದೆ. ಕಮ್ಮಿಯೇನೂ ಬಂದಿಲ್ಲ, ಅದರಲ್ಲೂ ಹೆಚ್ಚಿನವು ಅಮೆರಿಕದ ಬಗ್ಗೆ. ಆಶ್ಚರ್ಯವಿಲ್ಲ ಬಿಡಿ. ನಮ್ಮ ಕೇರಿಯಲ್ಲಿ ಹನ್ನೊಂದು ಮನೆ. ಐದು ಮನೆಯ ಮಕ್ಕಳು ಅಲ್ಲಿದ್ದಾರೆ. ಪಕ್ಕದೂರಿನ ಮಳೆಗಿಂತ ಮೊದಲು ಅಲ್ಲಿ ಹಿಮ ಬಿದ್ದ ಸುದ್ದಿ ಬರುತ್ತದೆ.

ಪ್ರಶ್ನೆ: ಮೇಷ್ಟ್ರೇ, ನಮ್ಮಣ್ಣನ ಮಗ ಡಲ್ಲಾಸ್‌ನಲ್ಲಿದ್ದಾನೆ. ನನ್ನ ಮಗಳು ಕ್ಯಾಲಿಫೋರ್ನಿಯಾದಲ್ಲಿ. 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ಬಂದ್ ಆದಾಗಿನಿಂದ ಮನೆಯ ವಾಟ್ಸಾಪ್ ಗುಂಪಿನಲ್ಲಿ ಇಬ್ಬರದೂ ಜಗಳ. 'ಅಕ್ರಮವಾಗಿ ಬಂದವರಿಗೆ ಪುಕ್ಕಟೆ ಔಷಧಿ ಕೊಡಿಸಲು ಡೆಮಾಕ್ರಟ್‌ಗಳು ಸರ್ಕಾರ ಮುಚ್ಚಿಸಿದರು' ಅಂತ ಅವನು. 'ಹಸಿ ಸುಳ್ಳು, ಎಲ್ಲ ಕಡೆ ಟ್ರಂಪ್ ಪಕ್ಷದ್ದೇ ಬಹುಮತ, ಮುಚ್ಚಿದ್ದು ಅವರೇ' ಅಂತ ಇವಳು. ಈಗ ನಾನೂ ಅಣ್ಣನೂ ಮಾತು ಬಿಟ್ಟ ಹಾಗೇ ಆಗಿದೆ. ದೀಪಾವಳಿಗೆ ಅವರು ಬರಲಿಲ್ಲ. ಯಾರದು ಸರಿ?
— ಹೆಸರು ಬೇಡ, ಹೊಸನಗರ ತಾಲೂಕು

ಮೊದಲು ಈ 'ಬಂದ್' ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಮೂವತ್ತೊಂದು ವರ್ಷ ಪಿಯುಸಿ ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿದವನು, ಚಟ ಹೋಗಿಲ್ಲ. ನಮ್ಮಲ್ಲಿ ಸದನದಲ್ಲಿ ಬಜೆಟ್ ಸೋತರೆ ಸರ್ಕಾರವೇ ಹೋಗಬೇಕು. ಅಲ್ಲಿ ಅಧ್ಯಕ್ಷರಿಗೆ ನಾಲ್ಕು ವರ್ಷ ಗಟ್ಟಿ. ಖರ್ಚಿನ ಮಸೂದೆ ಪಾಸಾಗದಿದ್ದರೆ ಸರ್ಕಾರ ಬೀಳುವುದಿಲ್ಲ, ಕಚೇರಿಗಳಿಗೆ ಬೀಗ ಬೀಳುತ್ತದೆ. ಇದು ಹಳೇ ಪದ್ಧತಿಯೂ ಅಲ್ಲ. 1980ರವರೆಗೆ ದುಡ್ಡು ಮಂಜೂರಾಗುವುದು ತಡವಾದರೂ ಕಚೇರಿಗಳು ಸುಮ್ನೆ ನಡೆಯುತ್ತಿದ್ದವು. ಆ ವರ್ಷ ಅಟಾರ್ನಿ ಜನರಲ್ ಆಗಿದ್ದ ಬೆಂಜಮಿನ್ ಸಿವಿಲೆಟ್ಟಿ, ಮಂಜೂರಾಗದ ದುಡ್ಡಿನ ಮೇಲೆ ಕೆಲಸ ಮಾಡಿಸುವುದು ಕಾನೂನಿಗೆ ವಿರುದ್ಧ ಅಂತ ಅಭಿಪ್ರಾಯ ಬರೆದರು. ಅಲ್ಲಿಂದ ಶುರುವಾಯಿತು ಈ ಬೀಗದ ರಾಜಕೀಯ. 2018-19ರಲ್ಲಿ ಮೆಕ್ಸಿಕೋ ಗಡಿಯ ಗೋಡೆಯ ದುಡ್ಡಿಗಾಗಿ 35 ದಿನ. ಈ ಸಲ, 2025ರ ಅಕ್ಟೋಬರ್ 1ರಿಂದ ನವೆಂಬರ್ 12ರ ತನಕ 43 ದಿನ. ಆಗಲೂ ಪೂರ್ತಿ ಬಗೆಹರಿದಿರಲಿಲ್ಲ. ಹೆಚ್ಚಿನ ಇಲಾಖೆಗಳಿಗೆ ಆಗ ದುಡ್ಡು ಸಿಕ್ಕಿದ್ದು 2026ರ ಜನವರಿ 30ರ ತನಕ ಮಾತ್ರ.

ನಿಮ್ಮ ಮಗಳು ಹೇಳಿದ ಬಹುಮತ ನಿಜ. ಆದರೆ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಬಹುಮತ ಸಾಲದು. ನೂರು ಜನರಲ್ಲಿ 60 ಜನ 'ಚರ್ಚೆ ಸಾಕು' ಅನ್ನದಿದ್ದರೆ ಮಸೂದೆ ವೋಟಿಗೇ ಬರುವುದಿಲ್ಲ. ಟ್ರಂಪ್ ಪಕ್ಷದವರು, ಅಂದರೆ ರಿಪಬ್ಲಿಕನ್ನರು, 53. ಅವರಲ್ಲೂ ರ‍್ಯಾಂಡ್ ಪಾಲ್ ಎಂಬವರು ಕೊನೇವರೆಗೂ ವಿರುದ್ಧ. ಹಾಗಾಗಿ ಡೆಮಾಕ್ರಟ್‌ಗಳ ಕಡೆಯಿಂದ ಎಂಟು ಜನ ದಾಟಿ ಬಂದ ಮೇಲೆಯೇ ಬೀಗ ತೆಗೆದದ್ದು. ಅಂದರೆ ಡೆಮಾಕ್ರಟ್‌ಗಳು ತಡೆದದ್ದೂ ಹೌದು. ತಡೆದದ್ದು ಯಾಕೆ? ಒಬಾಮಾ ಕಾಲದ ಆರೋಗ್ಯ ವಿಮೆಗೆ ಸೇರಿಸಿದ್ದ ಹೆಚ್ಚುವರಿ ಸಹಾಯಧನ ಡಿಸೆಂಬರ್ ಕೊನೆಗೆ ನಿಲ್ಲುವುದಿತ್ತು, ಅದನ್ನು ಮುಂದುವರಿಸಿ ಅಂತ.

ಈಗ ಪುಕ್ಕಟೆ ಔಷಧಿ. ನಿಮ್ಮಣ್ಣನ ಮಗ ಹೇಳಿದ ವಾಕ್ಯ, ಅವನು ಹೇಳಿದ ಹಾಗೇ ತೆಗೆದುಕೊಂಡರೆ, ತಪ್ಪು. ಕಾಗದ ಇಲ್ಲದೆ ಅಲ್ಲಿರುವವರಿಗೆ ಆ ವಿಮೆಯ ಸಹಾಯಧನ ಸಿಗುವುದಿಲ್ಲ. ಕೇಂದ್ರದ ಬಡವರ ವಿಮೆಯೂ ಇಲ್ಲ. ಆದರೆ ಆ ವಾಕ್ಯ ಪೂರ್ತಿ ಗಾಳಿಯಿಂದ ಹುಟ್ಟಿದ್ದೂ ಅಲ್ಲ. ತುರ್ತು ಘಟಕಕ್ಕೆ ಬಂದವರನ್ನು ಕಾಗದ ಕೇಳದೆ ನೋಡಬೇಕು ಅಂತ 1986ರ ಕಾನೂನಿದೆ. ಆ ಖರ್ಚಿನ ಒಂದು ಪಾಲು ಸರ್ಕಾರದ ಮೇಲೆ ಬೀಳುತ್ತದೆ. ಅದಕ್ಕೆ ಸಹಿ ಹಾಕಿದ್ದು ರೊನಾಲ್ಡ್ ರೇಗನ್, ರಿಪಬ್ಲಿಕನ್ ಅಧ್ಯಕ್ಷರು! ಕ್ಯಾಲಿಫೋರ್ನಿಯಾ ರಾಜ್ಯ ತನ್ನ ಸ್ವಂತ ದುಡ್ಡಿನಲ್ಲಿ ಕಾಗದ ಇಲ್ಲದವರಿಗೂ ವಿಮೆ ಕೊಟ್ಟಿತು. ಮತ್ತೆ 2025ರ ಜುಲೈ ಕಾನೂನು ನಿರಾಶ್ರಿತರಂಥ, ಕಾನೂನುಬದ್ಧವಾಗಿಯೇ ಇರುವ ಕೆಲವರ ಸೌಲಭ್ಯ ಕಿತ್ತುಕೊಂಡಿತ್ತು. ಅದನ್ನು ವಾಪಸ್ ಕೊಡಿ ಅಂತ ಡೆಮಾಕ್ರಟ್‌ಗಳು ಕೇಳಿದ್ದು ನಿಜ. ಈ ಮೂರನ್ನೂ ಒಂದೇ ಒರಳಿಗೆ ಹಾಕಿ ರುಬ್ಬಿದರೆ ಡಲ್ಲಾಸ್‌ನ ಆ ವಾಕ್ಯ ಬರುತ್ತದೆ.

ಅವನೊಬ್ಬನನ್ನೇ ಬೈಯಬೇಡಿ. ಆ ದಿನಗಳಲ್ಲಿ ಅಲ್ಲಿನ ವಸತಿ ಇಲಾಖೆಯ ವೆಬ್‌ಸೈಟ್ ತೆರೆದರೆ, ತೀವ್ರ ಎಡದವರು ಸರ್ಕಾರ ಮುಚ್ಚಿಸಿದ್ದಾರೆ ಅನ್ನುವ ಅರ್ಥದ ದೊಡ್ಡ ಫಲಕ ಕಾಣುತ್ತಿತ್ತು. ನಮ್ಮ ತಾಲೂಕು ಕಚೇರಿಯ ಬಾಗಿಲಿಗೆ 'ಇಂಥ ಪಕ್ಷದವರ ದೆಸೆಯಿಂದ ಇವತ್ತು ಪಹಣಿ ಸಿಗುವುದಿಲ್ಲ' ಅಂತ ಬೋರ್ಡ್ ಹಾಕಿದ ಹಾಗೆ. ಸರ್ಕಾರಿ ಬೋರ್ಡನ್ನೇ ನಂಬಬಾರದು ಅಂದರೆ ಹುಡುಗ ಏನು ಮಾಡಬೇಕು?

ಅಣ್ಣನ ಮನೆಗೆ ನೀವೇ ಹೋಗಿ. ಕರೆಯಲಿ ಅಂತ ಕಾಯಬೇಡಿ. ಈಗ ಅವರ ಮನೆಯಲ್ಲೂ ಅಡಿಕೆ ಸುಲಿತ ಇರುತ್ತದೆ. ಮಣೆ ಎಳೆದು ಕೂತುಬಿಡಿ. ಸುಲಿಯುತ್ತಾ ಕೂತವರ ಹತ್ತಿರ ಯಾರೂ ಸೆನೆಟ್ ವಿಷಯ ಎತ್ತುವುದಿಲ್ಲ.

ಪ್ರಶ್ನೆ: ಸರ್, ನಮ್ಮ ತರಗತಿಯಲ್ಲಿ ಚರ್ಚಾಸ್ಪರ್ಧೆ ಇದೆ. ಅಮೆರಿಕದವರು ತಮ್ಮ ಮಾಧ್ಯಮಗಳನ್ನೇ ನಂಬುವುದಿಲ್ಲ ಅಂತಾರೆ, ಹೌದಾ? ಹಾಗಾದರೆ ನಾವು ಯಾವ ಚಾನೆಲ್ ನೋಡಬೇಕು?
— ಬಿ.ಎ. ವಿದ್ಯಾರ್ಥಿನಿ, ಶಿವಮೊಗ್ಗ

ಹೌದಮ್ಮ. ಗ್ಯಾಲಪ್ ಎಂಬ ಸಮೀಕ್ಷೆ ಸಂಸ್ಥೆ ಅಲ್ಲಿನ ಜನರನ್ನು ಇದೇ ಪ್ರಶ್ನೆ ಕೇಳುತ್ತಾ ಬಂದಿದೆ. 1976ರಲ್ಲಿ ನೂರಕ್ಕೆ 72 ಜನ ಪತ್ರಿಕೆ, ಟಿವಿ, ರೇಡಿಯೋವನ್ನು ಸುಮಾರಾಗಿ ಅಥವಾ ಚೆನ್ನಾಗಿ ನಂಬುತ್ತೇವೆ ಅಂದಿದ್ದರು. 2025ರಲ್ಲಿ 28 ಜನ. ಅದರಲ್ಲೂ ಪಕ್ಷ ನೋಡು: ಡೆಮಾಕ್ರಟ್‌ಗಳಲ್ಲಿ 51, ರಿಪಬ್ಲಿಕನ್ನರಲ್ಲಿ ಬರೀ 8. ಸ್ಪರ್ಧೆಯಲ್ಲಿ ಈ ಅಂಕಿ ಹೇಳು. ಇನ್ನೊಂದು ವಿಷಯದಲ್ಲಿ ಮಾತ್ರ ಹುಷಾರು. 'ಎರಡೂ ಕಡೆ ತೋರಿಸಬೇಕು ಅನ್ನುವ ನಿಯಮ 1987ರಲ್ಲಿ ತೆಗೆದರು, ಅದಕ್ಕೇ ಹೀಗಾಯಿತು' ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. 1949ರಿಂದ ಆ ನಿಯಮ ಇದ್ದದ್ದು ನಿಜ. ಆದರೆ ಅದು ಸರ್ಕಾರದ ಲೈಸೆನ್ಸ್ ಪಡೆದ ರೇಡಿಯೋ, ಟಿವಿ ಕೇಂದ್ರಗಳಿಗೆ ಮಾತ್ರ. ಇವತ್ತು ಜಗಳ ಹಚ್ಚುವ ಕೇಬಲ್ ಚಾನೆಲ್‌ಗಳಿಗಲ್ಲ. ಎದುರು ಪಕ್ಷದವರು ಇದನ್ನು ಹೇಳಿದರೆ ಅಲ್ಲೇ ಹಿಡಿ.

ಮತ್ತೆ, ತಪ್ಪು ಒಂದೇ ಕಡೆ ಅನ್ನಬೇಡ. ಮತ ಎಣಿಸುವ ಯಂತ್ರದ ಕಂಪನಿಯ ಬಗ್ಗೆ ಸುಳ್ಳು ಹರಡಿದ ಕೇಸಿನಲ್ಲಿ ಟ್ರಂಪ್ ಕಡೆಯವರು ಹೆಚ್ಚಾಗಿ ನೋಡುವ ಫಾಕ್ಸ್ ನ್ಯೂಸ್ ಚಾನೆಲ್ 2023ರಲ್ಲಿ 78.75 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಟ್ರಂಪ್ ವಿರುದ್ಧದ ತೀರ್ಪಿನಲ್ಲಿ ಇಲ್ಲದ ಶಬ್ದವನ್ನು ನಿರೂಪಕರು ಇದೆ ಅಂತ ಹೇಳಿದ್ದಕ್ಕೆ ಎಬಿಸಿ ಚಾನೆಲ್ 2024ರಲ್ಲಿ 1.5 ಕೋಟಿ ಡಾಲರ್‌ಗೆ ರಾಜಿಯಾಯಿತು. ಮೊತ್ತದಲ್ಲಿ ಆನೆ ಆಡಿನ ವ್ಯತ್ಯಾಸ ಇದೆ, ಅದನ್ನೂ ಹೇಳು.

ಯಾವ ಚಾನೆಲ್ ಅಂತ ಕೇಳಿದ್ದೀಯ. ನನ್ನನ್ನು ಕೇಳಬಾರದಿತ್ತು. ಯಾಕೆ ಅಂತ ಹೇಳುತ್ತೇನೆ. ಪಕ್ಕದ ಮನೆಯವರ ಮಗಳು ಅಲ್ಲಿ ಬಸುರಿ. ಬಾಣಂತನಕ್ಕೆ ಹೋಗಲು ಗಂಡ ಹೆಂಡತಿ ಚೆನ್ನೈಯಲ್ಲಿ ವೀಸಾ ಸಂದರ್ಶನಕ್ಕೆ ದಿನ ತೆಗೆದುಕೊಂಡಿದ್ದರು. ಅಕ್ಟೋಬರ್ 2ರ ಬೆಳಿಗ್ಗೆ ನಾನು ಕಾಫಿ ಕುಡಿಯುತ್ತಾ 'ಅಮೆರಿಕ ಸರ್ಕಾರ ಬಂದ್' ಅನ್ನುವ ತಲೆಬರಹ ಓದಿದೆ. ತಲೆಬರಹ ಮಾತ್ರ. ಬೇಲಿಯ ಹತ್ತಿರ ಹೋಗಿ ದೊಡ್ಡ ಗಂಟಲಲ್ಲಿ, 'ಚೆನ್ನೈಗೆ ಹೋಗಿ ಏನು ಮಾಡ್ತೀರಿ, ಕಚೇರಿಯೇ ಇರಲ್ಲ' ಅಂದೆ. ಮೇಷ್ಟ್ರು ಹೇಳಿದರು ಅಂತ ಅವರು ಬಸ್ ಟಿಕೆಟ್ ರದ್ದು ಮಾಡಿದರು. ರಾತ್ರಿ ಮಗಳು ಫೋನ್ ಮಾಡಿ, ವೀಸಾ ಕೆಲಸ ನಡೆಯುವುದು ಅರ್ಜಿದಾರರು ಕಟ್ಟುವ ಶುಲ್ಕದಿಂದ, ಅದು ಬಂದ್ ಆಗಿಲ್ಲ, ಮೊದಲು ಹೊರಡಿ ಅಂದಳಂತೆ. ಹೊಸ ಟಿಕೆಟ್ ಜಾಸ್ತಿ ದುಡ್ಡಿಗೆ ಬಂತು. ವೀಸಾ ಸಿಕ್ಕಿತು. ಆ ಅಮ್ಮ ಈಗ ನನ್ನನ್ನು ಕಂಡರೆ 'ಇವತ್ತು ಯಾವ ಸರ್ಕಾರ ಬಂದ್ ಮೇಷ್ಟ್ರೇ?' ಅಂತಾರೆ.

ಪತ್ರಿಕೆ ಸುಳ್ಳು ಬರೆದಿರಲಿಲ್ಲ, ನೋಡು. ಅದೇ ಸುದ್ದಿಯ ಕೆಳಗಿನ ಪ್ಯಾರಾದಲ್ಲಿ ಯಾವುದು ನಡೆಯುತ್ತದೆ, ಯಾವುದು ಇಲ್ಲ ಅಂತ ಇತ್ತು. ನಮ್ಮ ಅಡಿಕೆ ದರವೂ ಹೀಗೇ ಅಲ್ವಾ? ಶಿವಮೊಗ್ಗ ಮಂಡಿಯ ಪಟ್ಟಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ದರ್ಜೆಗಳ ಸಾಲು. ಪ್ರತಿಯೊಂದಕ್ಕೂ ಕನಿಷ್ಠ, ಗರಿಷ್ಠ. ತಲೆಬರಹದಲ್ಲಿ ಬರುವುದು ಸರಕಿನ ಗರಿಷ್ಠ ಒಂದೇ. ಬೆಂಗಳೂರಿನ ನೆಂಟರು ಅದನ್ನು ಓದಿ 'ನಿಮಗೇನು ಬಿಡಿ' ಅನ್ನುತ್ತಾರೆ. ನಾನು ತೆಗೆದುಕೊಂಡು ಹೋಗುವುದು ರಾಶಿ, ಅದೂ ಮಳೆಗೆ ಸಿಕ್ಕಿದ್ದು. ನಿಮ್ಮ ಮನೆಯಲ್ಲಿ ತೋಟ ಇದ್ದರೆ ಆ ಪಟ್ಟಿ ಓದಲು ಅಪ್ಪನಿಗೆ ಬರುತ್ತದೆ. ಕಣ್ಣು ಎಲ್ಲಿ ಮೊದಲು ಹೋಗುತ್ತದೆ ಅಂತ ಅವರನ್ನು ಕೇಳು.

ಪ್ರಶ್ನೆ: ನನ್ನ ಮಗ ಎಚ್-1ಬಿ ಅನ್ನುವ ಉದ್ಯೋಗದ ವೀಸಾದಲ್ಲಿ ಅಮೆರಿಕಕ್ಕೆ ಹೋಗಿ, ತೆರಿಗೆ ಕಟ್ಟಿ, ಹತ್ತು ವರ್ಷದಿಂದ ಕಾಯಂ ವಾಸದ ಗ್ರೀನ್ ಕಾರ್ಡ್ ಕ್ಯೂನಲ್ಲಿ ನಿಂತಿದ್ದಾನೆ. ಬೇಲಿ ಹಾರಿ ಬಂದವರನ್ನು ಹೊರಗೆ ಹಾಕಿದರೆ ತಪ್ಪೇನು? ನಿಮ್ಮಂಥವರು ಅವರ ಪರ ಮಾತಾಡುವುದು ನೋಡಿದರೆ ಸಿಟ್ಟು ಬರುತ್ತದೆ.
— ಸಾಗರದಿಂದ ಒಬ್ಬ ತಂದೆ

ನಿಮ್ಮ ಸಿಟ್ಟು ಸುಳ್ಳಲ್ಲ ಸ್ವಾಮಿ. ಉದ್ಯೋಗದ ಮೇಲೆ ಅವರು ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1 ಲಕ್ಷ 40 ಸಾವಿರ, ಹೆಂಡತಿ ಮಕ್ಕಳು ಸೇರಿ. ಒಂದು ದೇಶಕ್ಕೆ ನೂರಕ್ಕೆ 7ರ ಮಿತಿ. ಚಿಕ್ಕ ದೇಶಕ್ಕೂ ಅಷ್ಟೇ, ನಮಗೂ ಅಷ್ಟೇ. 2025ರ ಕೊನೆಗೆ ಭಾರತದ ಹೆಚ್ಚಿನವರ ಸರದಿ 2013ರ ಆಸುಪಾಸಿನ ಅರ್ಜಿಗಳಿಗೆ ಬಂದಿತ್ತು. ಇದರ ಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಅಂತ ಆದೇಶ ಬಂತು. ಮಗ ಒಳಗಿದ್ದಾನೆ, ಅದರಿಂದ ಪಾರು. ಆದರೆ ಗಮನಿಸಿ: ಈ 7ರ ಮಿತಿ ಹಾಕಿದ್ದು ಬೇಲಿ ಹಾರಿದವರಲ್ಲ. ಅವರನ್ನೆಲ್ಲ ನಾಳೆ ಬೆಳಿಗ್ಗೆ ಕಳಿಸಿದರೂ ಮಗನ ಕ್ಯೂ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಅದು ಬೇರೆ ಕಿಟಕಿ.

ಬೇಲಿ ಹಾರಿದವರು ಅಂದಾಗ ನಮಗೆ ಬೇರೆ ದೇಶದವರ ಮುಖ ಕಣ್ಣಿಗೆ ಬರುತ್ತದೆ. 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ ಅಮೃತಸರದಲ್ಲಿ ಇಳಿಸಿದ 104 ಜನ ನಮ್ಮವರೇ.

ನನ್ನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ 'ನಿಮ್ಮಂಥವರು' ಅಂದಿರಿ. ನಮ್ಮ ತೋಟದ ಮೇಲ್ಗಡೆ ಸರ್ಕಾರಿ ಜಾಗದಲ್ಲಿ ಹದಿನೆಂಟು ಗುಂಟೆ ಬಗರ್‌ಹುಕುಂ. ಅಪ್ಪ ಮಾಡಿದ್ದು. ಸಕ್ರಮ ಮಾಡಿಕೊಡಿ ಅಂತ ಫಾರಂ 50 ಹಾಕಿದ್ದರು, ಆಗಲಿಲ್ಲ. ನಾನು 57 ಹಾಕಿ ಕೂತಿದ್ದೇನೆ. ಅದನ್ನು ನಾನು ಯಾವತ್ತೂ ಅಕ್ರಮ ಅಂದವನಲ್ಲ. 'ಸಾಗುವಳಿ' ಅನ್ನುತ್ತೇನೆ. ಆದರೆ ಆರು ವರ್ಷದ ಹಿಂದೆ ಕೆಳಗಿನ ಮನೆಯವರು ಸೊಪ್ಪಿನಬೆಟ್ಟದ ಕಡೆ ನಾಲ್ಕು ಕಂಬ ಸರಿಸಿದಾಗ ಕಾಗದ ಪೆನ್ನು ತೆಗೆದು ಅರ್ಜಿ ಬರೆದೆ. ವಿಷಯ: 'ಒತ್ತುವರಿ ತೆರವುಗೊಳಿಸುವ ಬಗ್ಗೆ'. ಬರೆದು, ಮಡಚಿ, ಕವರಿಗೆ ಹಾಕಿದೆ. ನನ್ನ ಹೆಂಡತಿ ಅದನ್ನು ನೋಡಿ ಏನೂ ಹೇಳಲಿಲ್ಲ. ಮೇಲ್ಗಡೆ ತೋಟದ ಕಡೆ ಒಮ್ಮೆ ತಿರುಗಿ ನೋಡಿ ಒಳಗೆ ಹೋದಳು. ಅರ್ಜಿ ಇನ್ನೂ ನನ್ನ ಮೇಜಿನ ಡ್ರಾಯರ್‌ನಲ್ಲೇ ಇದೆ.

ಅಮೆರಿಕದಲ್ಲೂ ಇದೇ ಶಬ್ದದ ಜಗಳ. ಒಂದು ಪಕ್ಷದವರು 'ಅಕ್ರಮ ವಲಸಿಗರು' ಅಂದರೆ ಇನ್ನೊಬ್ಬರು 'ದಾಖಲೆ ಇಲ್ಲದವರು' ಅನ್ನುತ್ತಾರೆ. ನಮ್ಮ ಅಕ್ರಮ-ಸಕ್ರಮದಂಥದ್ದು ಅವರೂ ಒಮ್ಮೆ ಮಾಡಿದರು. 1982ಕ್ಕೆ ಮೊದಲೇ ಬಂದು ನೆಲೆಸಿದವರಿಗೂ, ಹೊಲದ ಕೂಲಿಯವರಿಗೂ 1986ರ ಕಾನೂನಿನಲ್ಲಿ ಕಾಗದ ಕೊಟ್ಟರು. ಸುಮಾರು 27 ಲಕ್ಷ ಜನ. ಅದಕ್ಕೂ ರೇಗನ್ ಅವರದ್ದೇ ಸಹಿ. ಇನ್ನು ಮುಂದೆ ಯಾರೂ ಬರದ ಹಾಗೆ ಬಿಗಿ ಮಾಡುತ್ತೇವೆ ಅಂತಲೂ ಹೇಳಿದ್ದರು. ಬಿಗಿಯಾಗಲಿಲ್ಲ. ಈಗಿನ ರಿಪಬ್ಲಿಕನ್ನರಿಗೆ ಆ ನೆನಪು ಕಹಿ. ಅವರ ಈ ದೂರಿನಲ್ಲಿ ಹುರುಳಿದೆ, ಅದನ್ನು ನಾನು ಒಪ್ಪುತ್ತೇನೆ. ದೇಶ ಅಂದ ಮೇಲೆ ಗಡಿ ಇರಬೇಕು.

ಆದರೆ ಕಾನೂನಿನ ಕಿಟಕಿಯಲ್ಲಿ ನಿಂತರೆ ಸಾಕು ಅನ್ನುವುದು ಮಾತ್ರ ಗಟ್ಟಿಯಲ್ಲ. ಭಗತ್ ಸಿಂಗ್ ಥಿಂಡ್ ಅಂತ ಒಬ್ಬರಿದ್ದರು. ಪಂಜಾಬಿನಿಂದ 1913ರಲ್ಲಿ ಹೋದವರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲೇ ಇದ್ದರು. ಬೇಲಿ ಹಾರಿರಲಿಲ್ಲ. ಆದರೂ 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಭಾರತೀಯರು ಬಿಳಿಯರಲ್ಲ, ಪೌರತ್ವ ಇಲ್ಲ ಅಂದಿತು. ಮೊದಲೇ ಪೌರತ್ವ ಪಡೆದಿದ್ದ ಕೆಲವು ಭಾರತೀಯರಿಂದಲೂ ಕಿತ್ತುಕೊಂಡರು. 1946ರಲ್ಲಿ ಬಾಗಿಲು ಸ್ವಲ್ಪ ತೆರೆದಾಗ ಭಾರತಕ್ಕೆ ಕೊಟ್ಟದ್ದು ವರ್ಷಕ್ಕೆ 100 ಜನ. ನಿಮ್ಮ ಮಗನಿಗೆ ಇದು ಗೊತ್ತಿದೆಯಾ ಅಂತ ಕೇಳಿ. ವಾದಕ್ಕಲ್ಲ, ಸುಮ್ನೆ.

ಶರಾವತಿ ಮುಳುಗಡೆಯವರ ಊರುಗಳು ನಿಮ್ಮ ತಾಲೂಕಿನಲ್ಲೇ ಇವೆ. 1964ರಲ್ಲಿ ಲಿಂಗನಮಕ್ಕಿ ತುಂಬಿತು. ಸರ್ಕಾರವೇ ಕರೆದುಕೊಂಡು ಹೋಗಿ ಕೂರಿಸಿದ ಜಾಗಕ್ಕೆ ಇವತ್ತಿಗೂ ಹಕ್ಕುಪತ್ರ ಸಿಗದ ಮನೆಗಳಿವೆ. ಅವರೂ ದಾಖಲೆ ಇಲ್ಲದವರೇ. ಅವರ ಮೆರವಣಿಗೆಯಲ್ಲಿ ನೀವೂ ನಡೆದಿರಬಹುದು.

ಪ್ರಶ್ನೆ: ಅಜ್ಜಾ, ಟ್ರಂಪ್ ಪಕ್ಷದ್ದು ಆನೆ. ಇನ್ನೊಂದು ಪಕ್ಷದವರು ಕತ್ತೆ ಯಾಕೆ ಇಟ್ಟುಕೊಂಡರು? ನಾಚಿಕೆ ಆಗಲ್ವಾ?
— 9ನೇ ತರಗತಿ, ಗಾಜನೂರು

ಬಯ್ದದ್ದನ್ನೇ ಬಿರುದು ಮಾಡಿಕೊಂಡರು ಪುಟ್ಟಾ. 1828ರ ಚುನಾವಣೆಯಲ್ಲಿ ಆಂಡ್ರ್ಯೂ ಜಾಕ್ಸನ್ ಅವರನ್ನು ಎದುರಾಳಿಗಳು ಕತ್ತೆ ಅಂತ ಹೀಯಾಳಿಸಿದರು. ಆತ ಗೆದ್ದರು, ಕತ್ತೆ ಉಳಿಯಿತು. ಆನೆಯನ್ನು 1874ರಲ್ಲಿ ಥಾಮಸ್ ನಾಸ್ಟ್ ಎಂಬ ವ್ಯಂಗ್ಯಚಿತ್ರಕಾರ ಬರೆದ. ಅದು ಹೆದರಿ ಗುಂಡಿಯ ಅಂಚಿಗೆ ಬಂದ ಆನೆ, ಹೊಗಳಿಕೆಯೇನಲ್ಲ. ನಮ್ಮ ಹಾಗೆ ಚುನಾವಣಾ ಆಯೋಗ ಕೊಟ್ಟ ಚಿಹ್ನೆಗಳೂ ಅಲ್ಲ. ಸಕ್ರೆಬೈಲು ನಿಮಗೆ ಪಕ್ಕದಲ್ಲೇ ಇದೆ. ಭಾನುವಾರ ಬೆಳಿಗ್ಗೆ ಬೇಗ ಹೋದರೆ ಆನೆಗಳ ಸ್ನಾನ ನೋಡಬಹುದು. ಕತ್ತೆ ನಮ್ಮ ಕಡೆ ಈಗ ಎಲ್ಲೂ ಕಾಣುತ್ತಿಲ್ಲ. ಕಂಡರೆ ನನಗೂ ಬರಿ.